ಉಪ್ಪಿನಕಾಯಿ ಬಾಟ್ಲಿಯಲ್ಲಿ ಇಂಬಳ

ಕೆಲಸ ಕಲಿತ ಕೈಗೆ ಒಂದು ಕೆಟ್ಟ ಗುಣವಿದೆ. ಅದು ತಲೆಯ ಅಪ್ಪಣೆಗೆ ಕಾಯುವುದಿಲ್ಲ. ನಮ್ಮ ಕೊಪ್ಪದ ಕಡೆಯ ಬಸ್ ಕಂಡಕ್ಟರ್ ಒಬ್ಬರು ನೆಂಟರ ಮದುವೆಯಲ್ಲಿ ಊಟದ ಪಂಕ್ತಿ ನೋಡಿಕೊಳ್ಳುತ್ತಿದ್ದವರು, ಕೊನೆಯ ಎಲೆಗೆ ಜನ ಕೂತ ಕೂಡಲೇ ಪಕ್ಕದ ಕಂಬಕ್ಕೆ ಎರಡು ಸಲ ಬಡಿದು ‘ರೈಟ್ ರೈಟ್’ ಅಂದುಬಿಟ್ಟರು. ಅನ್ನದ ಬುಟ್ಟಿ ಹಿಡಿದವನು ಹೊರಟೇಬಿಟ್ಟ. ಅವತ್ತು ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಪಾಪ, ಅವರ ಕೈ ಮಾಡಿದ ತಪ್ಪಿಗೆ ಒಂದು ಪಂಕ್ತಿ ಜನ ನಕ್ಕರು, ಅಷ್ಟೇ. ನನ್ನ ಕೈ ಮಾಡಿದ ತಪ್ಪಿಗೆ ಒಂದು ಜೀವ ಹೋಯಿತು, ನಾಲ್ಕನೇ ಕ್ಲಾಸಿನ ಒಬ್ಬಳು ಹುಡುಗಿ ಟೀಚರಿಗೆ ಕೊಟ್ಟ ಮಾತು ಹೋಯಿತು, ಮತ್ತು ನಾನು ಇಡೀ ಒಂದು ದಿನ ರಸ್ತೆ ಬದಿಯ ಕಾಡಿನಲ್ಲಿ ಪ್ಯಾಂಟು ಮೊಣಕಾಲಿನವರೆಗೆ ಮಡಚಿಕೊಂಡು, ಯಾರಾದರೂ ಬಂದು ಕಚ್ಚಲಿ ಅಂತ ಕಾಯುತ್ತ ಕೂರಬೇಕಾಯಿತು.

ನಾನು ಆರನೇ ಕ್ಲಾಸಿಗೇ ಶಾಲೆ ಬಿಟ್ಟವನು. ಬಿಡಿಸಿದರು ಅಂತ ಯಾರ ಮೇಲೂ ಹಾಕುವುದಿಲ್ಲ; ನಾನೇ ಬಿಟ್ಟೆ. ಈಗ ಹುಲ್ಲು ಹೊಡೆಯುವ ಮೆಷಿನ್ ಇಟ್ಟುಕೊಂಡು ಜಯಪುರದಿಂದ ನರಸಿಂಹರಾಜಪುರದವರೆಗೆ ಕರೆದಲ್ಲಿಗೆ ಹೋಗುತ್ತೇನೆ. ನಾನು ಹುಲ್ಲು ಹೊಡೆದ ಜಾಗದಲ್ಲಿ ಕೇರಂ ಬೋರ್ಡು ಹಾಸಿ ಆಡಬಹುದು, ಅಷ್ಟು ಸಮ. ಇದು ಜಂಬದ ಮಾತಲ್ಲ, ಬೇಕಾದರೆ ಹೋಗಿ ನೋಡಬಹುದು. ನನ್ನ ಮೆಷಿನ್ನನ್ನು ಬೇರೆಯವರು ಹತ್ತು ಸಲ ಎಳೆದರೂ ಏಳುವುದಿಲ್ಲ, ನಾನು ಒಂದೇ ಸಲ ಎಳೆದರೆ ಸಾಕು. ನಾವು ಶಾಲೆಯಲ್ಲಿದ್ದಾಗ ‘ಜೀವಿಗಳು ಆಹಾರ ಸೇವಿಸುತ್ತವೆ, ಉಸಿರಾಡುತ್ತವೆ, ಚಲಿಸುತ್ತವೆ’ ಅಂತ ಮೇಷ್ಟ್ರು ಹೇಳಿಕೊಟ್ಟು, ನಾವು ಸಾಲಾಗಿ ನಿಂತು ಅದನ್ನು ಕೂಗಿ, ಮನೆಗೆ ಬಂದದ್ದುಂಟು. ಆ ಲೆಕ್ಕದಲ್ಲಿ ನನ್ನ ಮೆಷಿನ್ ಪೆಟ್ರೋಲ್ ಕುಡಿಯುತ್ತದೆ, ಹೊಗೆ ಬಿಡುತ್ತದೆ, ಬೆಳಿಗ್ಗೆ ಥಂಡಿಗೆ ಮುನಿಸಿಕೊಳ್ಳುತ್ತದೆ. ಮರಿ ಹಾಕಿಲ್ಲ ಅನ್ನುವುದೊಂದು ಬಿಟ್ಟರೆ ಅದಕ್ಕೆ ಜೀವ ಇಲ್ಲ ಅನ್ನಲು ನನಗಂತೂ ಕಾರಣ ಸಿಕ್ಕಿಲ್ಲ.

ಹುಲ್ಲಿನಲ್ಲಿ ಕೆಲಸ ಅಂದರೆ ಇಂಬಳದ ಜೊತೆ ಸಂಸಾರ. ಪುಸ್ತಕದಲ್ಲಿ ಜಿಗಣೆ ಅನ್ನುತ್ತಾರಲ್ಲ, ಅದೇ. ಜೂನ್ ತಿಂಗಳಿಂದ ಅಕ್ಟೋಬರ್ ತನಕ ಹೊಗೆಸೊಪ್ಪು ನೆನೆಸಿದ ಎಣ್ಣೆಯನ್ನು ಕಾಲಿಗೆ ಬಳಿದುಕೊಂಡು, ಗಮ್ ಬೂಟು ಹಾಕಿಕೊಂಡು ಹೋದರೂ ಸಂಜೆ ಬೂಟಿನೊಳಗಿಂದ ಒಂದೆರಡು ಉದುರಿಯೇ ಉದುರುತ್ತವೆ. ಅದಕ್ಕೇ ನಮ್ಮ ಮನೆಯ ಹೊಸ್ತಿಲ ಪಕ್ಕ ಒಂದು ತೆಂಗಿನ ಕರಟದಲ್ಲಿ ಯಾವಾಗಲೂ ಉಪ್ಪು ಇರುತ್ತದೆ. ಇಂಬಳ ಕಂಡರೆ ಒಂದು ಚಿಟಿಕೆ ಹಾಕುವುದು, ಮುಂದಕ್ಕೆ ಹೋಗುವುದು. ಅಷ್ಟಕ್ಕೆ ಯಾರೂ ಕುತ್ತಿಗೆ ಬಗ್ಗಿಸಿ ನೋಡುವುದಿಲ್ಲ. ಸೊಳ್ಳೆ ಹೊಡೆಯುವವನು ಅದು ಯಾವ ಊರಿನ ಸೊಳ್ಳೆ ಅಂತ ಕೇಳುತ್ತಾನೆಯೇ?

ಹೀಗಿರುವಾಗ ನನ್ನ ಮಗಳು ಧನ್ಯಳ ಶಾಲೆಗೆ ಹೊಸ ಟೀಚರ್ ಬಂದರು. ಕೂಗಿಸುವ ಪೈಕಿ ಅಲ್ಲ. ‘ಜೀವಿಗಳನ್ನು ಪುಸ್ತಕದಲ್ಲಿ ನೋಡಿದ್ದು ಸಾಕು. ಒಬ್ಬೊಬ್ಬರೂ ಒಂದೊಂದು ಜೀವಿಯನ್ನು, ಅದಕ್ಕೆ ನೋವಾಗದ ಹಾಗೆ, ಐದು ದಿನ ಮನೆಯಲ್ಲಿಟ್ಟು ನೋಡಿ. ಕಂಡದ್ದನ್ನು ಮಾತ್ರ ಬರೆಯಿರಿ, ಕೇಳಿದ್ದನ್ನು ಬರೆಯಬೇಡಿ. ಶನಿವಾರ ಶಾಲೆಗೆ ತಂದು ತೋರಿಸಿ, ಆಮೇಲೆ ಅದು ಎಲ್ಲಿಂದ ಬಂದಿತ್ತೋ ಅದೇ ಜಾಗಕ್ಕೆ ಜೀವಂತ ಬಿಟ್ಟು ಬನ್ನಿ’ ಅಂತ ಹೇಳಿ, ಮಕ್ಕಳ ಕೈ ಮುಂದೆ ಚಾಚಿಸಿ ಮಾತು ತೆಗೆದುಕೊಂಡಿದ್ದರು. ಉಳಿದ ಮಕ್ಕಳು ಬಸವನಹುಳು, ಎರೆಹುಳು, ಗೊದಮೊಟ್ಟೆ ಅಂತ ಮರ್ಯಾದಸ್ಥ ಜೀವಿಗಳನ್ನು ಹುಡುಕಿಕೊಂಡರು. ನಮ್ಮವಳು ಸೋಮವಾರ ಸಂಜೆ ಬಾಗಿಲಲ್ಲೇ ಕೂತಿದ್ದಳು, ಇನ್ನೂ ಏನೂ ಸಿಕ್ಕಿಲ್ಲ ಅಂತ ಮುಖ ಸಣ್ಣ ಮಾಡಿಕೊಂಡು. ನಾನು ಬಂದು ಬೂಟು ಕಳಚಿದೆ. ರಕ್ತ ಕುಡಿದು ನೇರಳೆ ಹಣ್ಣಿನ ಹಾಗಾಗಿದ್ದ ಒಂದು ಇಂಬಳ ಸಿಮೆಂಟಿನ ಮೇಲೆ ಉರುಳಿತು. ನನ್ನ ಕೈ ಕರಟದ ಕಡೆ ಹೋಗಿಯಾಗಿತ್ತು.

‘ಅಪ್ಪಾ, ಹಾಕ್ಬೇಡ. ನಂಗೆ ಬೇಕು ಅದು.’

‘ಎಂತಕ್ಕೆ ಬೇಕು?’

‘ಶಾಲೆಗೆ. ಸಾಕ್ತೀನಿ.’

ಒಳಗಿನಿಂದ ನನ್ನ ಹೆಂಡತಿ ಸುಮಿತ್ರ, ‘ಹಸು ಸಾಕಿ ಅಂದ್ರೆ ಜಾಗ ಇಲ್ಲ ಅಂತಾರೆ ಅಪ್ಪ, ಮಗಳು ಇಂಬಳ ಸಾಕ್ತಾಳಂತೆ. ಹಾಲು ಎಷ್ಟು ಕೊಡ್ತದೆ ಕೇಳಿ ಮಾರಾಯ್ರೆ’ ಅಂದಳು. ಹಾಗೆ ಅಂದರೂ ಉಪ್ಪಿನಕಾಯಿ ಬಾಟ್ಲಿಯೊಂದನ್ನು ಮೂರು ಸಲ ತೊಳೆದು, ಬಾಯಿಗೆ ತೆಳು ಬಟ್ಟೆ ಕಟ್ಟಿ ಕೊಟ್ಟವಳು ಅವಳೇ. ಉಪ್ಪಿನ ವಾಸನೆ ಇದ್ದರೆ ಸತ್ತುಹೋದೀತು ಅಂತ ನಾಲ್ಕನೇ ಸಲ ಧನ್ಯ ತೊಳೆದಳು. ಒದ್ದೆ ಎಲೆ ಹಾಸಿದಳು. ‘ಇದು ಎಲ್ಲಿ ಹತ್ತಿದ್ದು?’ ಅಂತ ಕೇಳಿದಳು. ಜಯಪುರದ ಆಚೆ, ಮೋರಿ ಪಕ್ಕದ ಬಿದಿರು ಮೆಳೆಯ ಕೆಳಗೆ ಅಂದೆ. ಅದನ್ನು ಬರೆದುಕೊಂಡಳು. ‘ಅಪ್ಪನ ರಕ್ತ ಕುಡಿದಿದೆ ಅಲ್ದಾ, ಹಂಗಾರೆ ನಮ್ಮ ಮನೇದೇ’ ಅಂದಳು. ಸಂಬಂಧದಲ್ಲಿ ನನಗೆ ಏನಾಗಬೇಕು ಅಂತ ಮಾತ್ರ ಹೇಳಲಿಲ್ಲ.

ನಾಲ್ಕು ದಿನ ನಮ್ಮ ಮನೆಯಲ್ಲಿ ಬೇರೆ ಮಾತಿಲ್ಲ. ಬೆಳಿಗ್ಗೆ ಹಲ್ಲುಜ್ಜುವ ಮೊದಲು ಒಮ್ಮೆ, ಶಾಲೆಯಿಂದ ಬಂದು ಬ್ಯಾಗು ಇಳಿಸುವ ಮೊದಲು ಒಮ್ಮೆ ಬಾಟ್ಲಿಯ ಮುಂದೆ ಹೊಟ್ಟೆ ಅಡಿ ಮಾಡಿ ಮಲಗುವುದು. ಸ್ಕೇಲನ್ನು ಗಾಜಿಗೆ ಒತ್ತಿ ಹಿಡಿದು ಅದರ ದಪ್ಪ ಅಳೆಯುವುದು. ‘ಅಪ್ಪಾ, ಇದಕ್ಕೆ ಹಿಂದ್ಗಡೆನೂ ಒಂದು ಬಾಯಿ ಥರದ್ದು ಇದೆ, ಅದ್ರಲ್ಲಿ ಹಿಡ್ಕಂಡು ಮುಂದಿಂದನ್ನ ಆಡಿಸ್ತದೆ, ಗೊತ್ತಾ?’ ಗೊತ್ತು ಅಂದೆ. ಗೊತ್ತಿರಲಿಲ್ಲ. ‘ಬಟ್ಟೆ ಮೇಲೆ ಉಸಿರು ಬಿಟ್ರೆ ತಲೆ ಎತ್ತತದೆ, ಗೊತ್ತಾ?’ ಅದೂ ಗೊತ್ತು ಅಂದೆ. ಇಪ್ಪತ್ತು ವರ್ಷ ಇಂಬಳದ ಮಧ್ಯೆ ದುಡಿದವನು, ಒಂಬತ್ತು ವರ್ಷದ ಹುಡುಗಿಯ ಮುಂದೆ ಗೊತ್ತಿಲ್ಲ ಅನ್ನುವುದು ಹೇಗೆ?

ಶುಕ್ರವಾರ ಬೆಳಿಗ್ಗೆ ಅವಳು ಶಾಲೆಗೆ ಹೋಗಿ ಅರ್ಧ ಗಂಟೆಯಾಗಿತ್ತು. ನಾನು ಬೂಟು ಹಾಕಿಕೊಂಡು ಬಾಗಿಲಿಗೆ ಬಂದೆ. ಹೊಸ್ತಿಲ ಮೇಲೆ ಒಂದು ಇಂಬಳ ಮೆಲ್ಲಗೆ ಅಳೆದುಕೊಂಡು ಅಳೆದುಕೊಂಡು ಹೋಗುತ್ತಿತ್ತು. ಕೈ ಕರಟಕ್ಕೆ ಹೋಯಿತು, ಒಂದು ಚಿಟಿಕೆ ಬಿತ್ತು, ನಾನು ಅಂಗಳ ದಾಟಿದೆ. ಮೆಷಿನ್ನನ್ನು ಬೈಕಿಗೆ ಕಟ್ಟಿ, ಹಗ್ಗದ ಎರಡನೇ ಗಂಟು ಹಾಕುವಾಗ ನನ್ನ ತಲೆ ನಿಧಾನಕ್ಕೆ ಬಂದು ಕೈಯನ್ನು ಕೂಡಿಕೊಂಡಿತು. ಮಳೆ ನಿಂತು ವಾರವಾಗಿ ಅಂಗಳ ಒಣಗಿ ಬಿರಿದಿದೆಯಲ್ಲ, ಇಂಬಳ ಎಲ್ಲಿಂದ ಬಂತು?

ಒಳಗೆ ಓಡಿದೆ. ಬಾಟ್ಲಿಯ ಬಾಯಿಗೆ ಹಾಕಿದ ರಬ್ಬರ್ ಬ್ಯಾಂಡು ಒಂದು ಕಡೆ ಜಾರಿತ್ತು. ಒಳಗೆ ಎಲೆ ಮಾತ್ರ. ಸುಮಿತ್ರ ಪೊರಕೆ ಹಿಡಿದು ಹೊಸ್ತಿಲ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದಳು.

‘ಗುಡಿಸಿಬಿಟ್ಟೆಯಾ?’

‘ಗುಡಿಸಿದ್ದು ನಾನು. ಕೊಂದಿದ್ದು ನೀವು. ನನ್ನ ಹೆಸರು ತರ್ಬೇಡಿ.’

‘ನಾನು ಬೇಕು ಅಂತ ಮಾಡ್ಲಿಲ್ಲ ಕಣೆ.’

‘ಅದನ್ನ ಅವಳಿಗೆ ಹೇಳಿ. ಟೀಚರಿಗೆ ಜೀವಂತ ಬಿಡ್ತೀನಿ ಅಂತ ಮಾತು ಕೊಟ್ಟು ಬಂದಿದೆ ಮಗು. ನಿನ್ನೆ ರಾತ್ರಿ ನಿದ್ದೇಲೂ ಅದನ್ನೇ ಹೇಳ್ತಿತ್ತು.’

ಹೇಳಬಹುದಿತ್ತು. ತಪ್ಪಾಯ್ತು ಮಗಾ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಕೆಲಸದಲ್ಲಿ ಒಂದು ಹುಳುಕು ಬಿಟ್ಟು ಹೋದವನು ಅಂತ ಯಾರ ಬಾಯಲ್ಲೂ ಅನ್ನಿಸಿಕೊಳ್ಳದ ನಾನು, ನನ್ನ ಮಗಳ ಬಾಯಲ್ಲಿ ಅನ್ನಿಸಿಕೊಳ್ಳಬೇಕೇ? ಹೋದದ್ದು ಇಂಬಳ ತಾನೇ. ನಮ್ಮೂರಲ್ಲಿ ಇಂಬಳಕ್ಕೆ ಬರವೇ? ಸಂಜೆ ನಾಲ್ಕೂವರೆಗೆ ಅವಳು ಬರುವುದರೊಳಗೆ ಬಾಟ್ಲಿಯಲ್ಲಿ ಒಂದು ಇದ್ದರಾಯಿತು ಅಂತ ತೀರ್ಮಾನ ಮಾಡಿ, ಅವತ್ತಿನ ಕೆಲಸಕ್ಕೆ ಬರುವುದಿಲ್ಲ ಅಂತ ಫೋನ್ ಮಾಡಿದೆ. ಜ್ವರ ಬಂದಾಗಲೂ ರಜೆ ಹಾಕದವನು. ಆ ಕಡೆಯವರು ಗಾಬರಿಯಾಗಿ ‘ಮನೇಲಿ ಎಲ್ಲಾ ಆರಾಮನಾ?’ ಅಂತ ಕೇಳಿದರು. ಒಂದು ಸಾವಾಗಿದೆ ಅನ್ನಲು ಬಾಯಿ ಬರಲಿಲ್ಲ.

ಬೇಡದಾಗ ಒಳಚಡ್ಡಿಯವರೆಗೆ ಹುಡುಕಿಕೊಂಡು ಬರುವ ಇಂಬಳ, ಬೇಕು ಅಂದಾಗ ಊರು ಬಿಟ್ಟು ಹೋಗಿತ್ತು. ಬಿಸಿಲಿಗೆ ಎಲ್ಲವೂ ಮಣ್ಣಿನೊಳಗೆ. ಬಿದಿರು ಮೆಳೆಯ ಕೆಳಗೆ ಹೋದೆ, ಇಲ್ಲ. ಕೊನೆಗೆ ನನ್ನ ಜೊತೆ ಹುಲ್ಲು ಹೊಡೆಯುವ ಶೇಖರನನ್ನು ಕರೆದುಕೊಂಡು, ತೀರ ಬೇರೆ ದಿಕ್ಕಿಗೆ, ನರಸಿಂಹರಾಜಪುರದ ರಸ್ತೆಯಲ್ಲಿ ಬಿಸಿಲೇ ಬೀಳದ ಒಂದು ಹಳ್ಳದ ಬದಿಗೆ ಹೋದೆ. ಇಬ್ಬರೂ ಬರಿಗಾಲಲ್ಲಿ ನಿಂತೆವು. ಹತ್ತು ನಿಮಿಷದಲ್ಲಿ ಶೇಖರನ ಕಾಲಿಗೆ ಎರಡು ಹತ್ತಿದವು. ನನ್ನ ಕಾಲಿನ ಹತ್ತಿರ ಬಂದದ್ದು ತಲೆ ಎತ್ತಿ, ಮೂಸಿದ ಹಾಗೆ ಮಾಡಿ, ತಿರುಗಿ ಹೋಯಿತು. ಹೊಗೆಸೊಪ್ಪಿನ ಎಣ್ಣೆ ಚರ್ಮಕ್ಕೆ ಅಷ್ಟು ಇಳಿದಿತ್ತು. ಹಳ್ಳದಲ್ಲಿ ಸೋಪು ಹಾಕಿ ಮೂರು ಸಲ ತಿಕ್ಕಿ ತೊಳೆದೆ. ಹೆಣ್ಣು ನೋಡಲು ಹೋದ ದಿನವೂ ಅಷ್ಟು ತೊಳೆದಿರಲಿಲ್ಲ.

‘ನಿನ್ನ ರಕ್ತ ಅದಕ್ಕೂ ಬೇಡ ಮಾರಾಯ. ನನ್ನ ಕಾಲಿಂದು ತಗಂಡು ಹೋಗಾ, ಕುಡಿದು ದಪ್ಪ ಆಗ್ತಿದೆ’ ಅಂದ ಶೇಖರ.

‘ನಮ್ಮ ಮನೆ ಇಂಬಳಕ್ಕೆ ನಿನ್ನ ರಕ್ತ ಯಾಕೆ?’ ಅಂದೆ. ಹಂಗಿನ ರಕ್ತ ನಮಗೆ ಬೇಡ. ಅವನ ಕಾಲಿನಿಂದ ಒಂದನ್ನು ಬಿಡಿಸಿ ನನ್ನ ಮೀನಖಂಡಕ್ಕೆ ಬಿಟ್ಟುಕೊಂಡೆ. ಪುಣ್ಯಕ್ಕೆ ಹಿಡಿಯಿತು. ಧನ್ಯಳ ಇಂಬಳ ನೇರಳೆ ಹಣ್ಣಿನಷ್ಟಿತ್ತಲ್ಲ, ಇದೂ ಅಷ್ಟೇ ಆಗಬೇಕು ಅಂತ ಒಂದು ಕಲ್ಲಿನ ಮೇಲೆ ಕಾಲು ನೀಡಿ, ಮೊಬೈಲ್ ನೋಡುತ್ತ ಮುಕ್ಕಾಲು ಗಂಟೆ ಕೂತೆ. ಜೀಪಿನಲ್ಲಿ ಹೋಗುತ್ತಿದ್ದ ಪರಿಚಯದವರೊಬ್ಬರು ನಿಲ್ಲಿಸಿ, ‘ಎಂತ ಮಾರಾಯ, ಕೆಲಸದ ದಿವಸ ಕೂತಿದೀಯಲ್ಲ?’ ಅಂದರು. ‘ಅವನು ಇಂಬಳಕ್ಕೆ ಊಟ ಹಾಕ್ತಿದಾನೆ, ಮುಗಿದ ಮೇಲೆ ಬರ್ತಾನೆ’ ಅಂತ ಶೇಖರ ಉತ್ತರ ಕೊಟ್ಟ. ಅವರು ಇನ್ನೇನೂ ಕೇಳದೆ ಜೀಪು ಹೊರಡಿಸಿದರು.

ನಾಲ್ಕೂವರೆಗೆ ಧನ್ಯ ಬಂದಳು. ಬ್ಯಾಗಿನ ಸಮೇತ ಬಾಟ್ಲಿಯ ಮುಂದೆ ಮಲಗಿದಳು. ಸ್ಕೇಲು ಹಿಡಿದಳು. ಪುಸ್ತಕದ ಹಿಂದಿನ ಹಾಳೆ ತಿರುವಿದಳು. ಸೋಮವಾರ ಸ್ಕೇಲಿನ ಹತ್ತು ಸಣ್ಣ ಗೆರೆ, ಮಂಗಳವಾರ ಒಂಬತ್ತು, ಬುಧವಾರ ಎಂಟು, ಗುರುವಾರ ಏಳು. ಕುಡಿದದ್ದು ಕರಗಿ ದಿನಾ ಸಣ್ಣಗಾಗುತ್ತ ಬಂದಿತ್ತು. ನಾನು ತಂದದ್ದು ಹನ್ನೊಂದು. ನೋಡಿ, ಕೆಲಸ ಮಾಡಿದರೆ ಒಂದು ಗೆರೆ ಹೆಚ್ಚೇ ಮಾಡುವ ನನ್ನ ಜಾತಕ.

‘ಊಟ ಹಾಕದೆ ದಪ್ಪ ಹೆಂಗಾಯ್ತು?’ ಅಂತ ತನಗೆ ತಾನೇ ಕೇಳಿಕೊಂಡಳು. ಆಮೇಲೆ ತಿರುಗಿ ನನ್ನ ಕಾಲು ನೋಡಿದಳು. ಇಂಬಳ ಕಚ್ಚಿದ ಜಾಗದಿಂದ ರಕ್ತ ಬೇಗ ನಿಲ್ಲುವುದಿಲ್ಲ. ಒಂದು ಗೆರೆ ಹಿಮ್ಮಡಿಯವರೆಗೆ ಇಳಿದಿತ್ತು. ಅವಳ ಕಣ್ಣು ದೊಡ್ಡದಾಯಿತು. ‘ಅಪ್ಪಾ, ಅದಕ್ಕೆ ಹಸಿವಾಗ್ತದೆ ಅಂತ ನೀನು ಮತ್ತೆ ರಕ್ತ ಕೊಟ್ಟೆಯಾ?’

‘ಹ್ಞೂಂ, ಕೊಟ್ಟೆ’ ಅಂದೆ. ಕೊಟ್ಟದ್ದು ಸುಳ್ಳಲ್ಲವಲ್ಲ. ಅವಳು ಬಂದು ಕುತ್ತಿಗೆಗೆ ಜೋತುಬಿದ್ದಳು. ಒಲೆಯ ಹತ್ತಿರ ಒಂದು ಪಾತ್ರೆ ಬೇಕಾದ್ದಕ್ಕಿಂತ ಜೋರಾಗಿ ಸದ್ದು ಮಾಡಿತು.

ಶನಿವಾರ ಮನೆಯವರೂ ಬರಬೇಕು ಅಂತ ಟೀಚರ್ ಹೇಳಿದ್ದರಿಂದ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೋದೆ. ಮಕ್ಕಳ ಬೆಂಚಿನಲ್ಲಿ ಕೂತರೆ ಮೊಣಕಾಲು ಕಿವಿಗೆ ತಾಗುತ್ತಿತ್ತು. ಟೀಚರ್ ಒಬ್ಬೊಬ್ಬರ ಪುಸ್ತಕ ಓದುತ್ತ ಬಂದು, ಧನ್ಯಳದ್ದನ್ನು ಎತ್ತಿ ಹಿಡಿದರು. ‘ಐದನೇ ದಿನ. ಹನ್ನೊಂದು ಗೆರೆ. ಅದಕ್ಕೆ ಹಸಿವಾಗುತ್ತದೆಂದು ನನ್ನ ಅಪ್ಪ ತಮ್ಮ ಕಾಲಿನಿಂದ ಮತ್ತೆ ರಕ್ತ ಕೊಟ್ಟರು.’ ಮಕ್ಕಳೆಲ್ಲ ನನ್ನ ಕಡೆ ತಿರುಗಿದರು. ಟೀಚರ್ ಚಪ್ಪಾಳೆ ತಟ್ಟಿಸಿದರು. ‘ಇಷ್ಟು ವರ್ಷದಲ್ಲಿ ಇಂಬಳಕ್ಕೆ ಇಷ್ಟು ಕರುಣೆ ತೋರಿಸಿದವರನ್ನು ನಾನು ನೋಡಿಲ್ಲ’ ಅಂದರು. ಶಾಲೆಯಲ್ಲಿ ನನಗೆ ಚಪ್ಪಾಳೆ ಬಿದ್ದದ್ದು ಜೀವನದಲ್ಲಿ ಅದೇ ಮೊದಲು. ಬೆನ್ನಿನ ಮೇಲೆ ಮುಳ್ಳು ಸೊಪ್ಪು ಹೊತ್ತ ಹಾಗಿತ್ತು.

ಮಧ್ಯಾಹ್ನ ಬಿಡಲು ಹೊರಟೆವು. ಧನ್ಯ ಬೈಕಿನ ಹಿಂದೆ, ಬಾಟ್ಲಿ ನಮ್ಮಿಬ್ಬರ ನಡುವೆ. ಜಯಪುರ ದಾಟಿ, ಮೋರಿ, ಬಿದಿರು ಮೆಳೆ. ಅವಳು ಕುಕ್ಕರುಗಾಲಲ್ಲಿ ಕೂತು ರಬ್ಬರ್ ಬ್ಯಾಂಡು ತೆಗೆದಳು. ‘ಇದೇ ನಿನ್ನ ಮನೆ, ಗುರುತು ಸಿಕ್ತಾ?’ ಅಂತ ಇಂಬಳವನ್ನು ಕೇಳಿದಳು. ನನಗೆ ತಡೆಯಲಾಗಲಿಲ್ಲ. ಒಬ್ಬರ ಮನೆಯ ಕತ್ತಿ ಇನ್ನೊಬ್ಬರ ಮನೆಗೆ ಕೊಟ್ಟು ಬಂದು ಗೊತ್ತಿಲ್ಲದವನು ನಾನು. ಆ ಇಂಬಳ ಹುಟ್ಟಿದ್ದೇ ಇನ್ನೊಂದು ತಾಲ್ಲೂಕಿನಲ್ಲಿ.

‘ತಡಿ ಪುಟ್ಟಿ. ಅದು ಇಲ್ಲಿದಲ್ಲ.’

ಹೇಳಿದೆ. ಹೊಸ್ತಿಲು, ಉಪ್ಪು, ಹಳ್ಳ, ಶೇಖರ, ಎಲ್ಲ ಹೇಳಿದೆ. ಅವಳು ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಅಳುವ ಮಗುವನ್ನು ಎತ್ತಿಕೊಳ್ಳಬಹುದು. ಅವಳು ಬಾಟ್ಲಿಗೆ ಮತ್ತೆ ಬಟ್ಟೆ ಕಟ್ಟಿದಳು. ಬ್ಯಾಗಿನಿಂದ ಪುಸ್ತಕ ತೆಗೆದಳು.

‘ಟೀಚರ್ ಕಂಡಿದ್ದು ಮಾತ್ರ ಬರೀಬೇಕು ಅಂದಿದ್ರು. ನಾನು ಕೇಳಿದ್ದು ಬರೆದೆ. ನಂದೇ ತಪ್ಪು.’

‘ನಿಂದಲ್ಲ ಮಗಾ, ನಂದು.’

ಅವಳು ಐದನೇ ದಿನದ ಸಾಲಿನ ಮೇಲೆ ಸ್ಕೇಲಿಟ್ಟು ಗೆರೆ ಎಳೆದಳು. ಪೆನ್ಸಿಲ್ ಹಿಡಿದು ನನ್ನ ಮುಖ ನೋಡಿದಳು.

‘ಉಪ್ಪು ಹಾಕಿದಾಗ ಅದು ಎಂತ ಮಾಡ್ತು?’

‘ಎಂತ ಮಾಡ್ತು ಅಂದ್ರೆ?’

‘ಹೊರಳಾಡ್ತಾ? ಸಣ್ಣ ಆಯ್ತಾ? ಎಷ್ಟು ಹೊತ್ತು ಇತ್ತು?’

ನಾನು ಯೋಚಿಸಿದೆ. ಆ ಒಂದು ಇಂಬಳದ್ದು ಮಾತ್ರವಲ್ಲ, ಇಪ್ಪತ್ತು ವರ್ಷದ್ದೆಲ್ಲ ನೆನಪು ಮಾಡಿಕೊಳ್ಳಲು ನೋಡಿದೆ. ಉಪ್ಪು ಬೀಳುವುದರವರೆಗೆ ನೆನಪಿದೆ, ಆಮೇಲಿನದು ಒಂದೂ ಇಲ್ಲ.

‘ನೋಡ್ಲಿಲ್ಲ ಪುಟ್ಟಿ’ ಅಂದೆ.

ಅವಳು ಅದನ್ನೇ ಬರೆದುಕೊಂಡಳು. ‘ಐದನೇ ದಿನ. ಉಪ್ಪು ಹಾಕಿದರು. ಸತ್ತಿತು. ಹೇಗೆ ಸತ್ತಿತು ಎಂದು ಅಪ್ಪ ನೋಡಲಿಲ್ಲ.’

ಅಲ್ಲಿಂದ ಬೈಕು ತಿರುಗಿಸಿ ಕೊಪ್ಪ ದಾಟಿ ನರಸಿಂಹರಾಜಪುರದ ರಸ್ತೆಗೆ ಹೋದೆವು. ಅಷ್ಟು ದೂರ ಅವಳು ನನ್ನ ಸೊಂಟ ಹಿಡಿಯಲಿಲ್ಲ; ಹಿಂದಿನ ಕ್ಯಾರಿಯರ್ ಕಂಬಿ ಹಿಡಿದಿದ್ದಳು. ಹಳ್ಳದ ಬದಿಯಲ್ಲಿ, ನಾನು ಕಾಲು ನೀಡಿದ್ದ ಕಲ್ಲಿನ ಪಕ್ಕ, ಇಂಬಳವನ್ನು ಎಲೆಯ ಮೇಲೆ ಇಳಿಸಿದಳು. ಅದು ಹೊಟ್ಟೆ ಭಾರಕ್ಕೆ ಅಲುಗಾಡಲಿಲ್ಲ. ಇಬ್ಬರೂ ಬಗ್ಗಿ ನೋಡುತ್ತ ಕೂತೆವು. ಬಹಳ ಹೊತ್ತಿನ ಮೇಲೆ ಅದು ಹಿಂದಿನ ಬಾಯಲ್ಲಿ ಎಲೆ ಹಿಡಿದುಕೊಂಡು ಮುಂದಿನದನ್ನು ಮೆಲ್ಲಗೆ ಎತ್ತಿ, ಆ ಕಡೆ ಈ ಕಡೆ ಆಡಿಸಿತು. ಬೆನ್ನಿನ ಮೇಲೆ ಕೂದಲೆಳೆಯಷ್ಟು ಸಣ್ಣ ಹಳದಿ ಗೆರೆ ಇತ್ತು. ‘ಗೆರೆ ಇದೆ ಅಲ್ದಾ?’ ಅಂದೆ. ‘ನಿಂಗೆ ಎಲ್ಲಾ ಮೊದಲೇ ಗೊತ್ತಿತ್ತಲ್ಲ’ ಅಂದಳು. ‘ಗೊತ್ತಿರಲಿಲ್ಲ’ ಅಂದೆ. ವಾಪಸ್ ಬರುವಾಗ ರಸ್ತೆಯಲ್ಲಿ ಹೊಂಡ ಸಿಕ್ಕಿತು, ನನ್ನ ಶರ್ಟಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದಳು. ಹೊಂಡ ದಾಟಿದ ಮೇಲೆ ಬಿಡಲಿಲ್ಲ. ಆ ರಸ್ತೆಯ ಹೊಂಡಗಳನ್ನು ನಾನು ಬೈದದ್ದು ಸಾಕಷ್ಟಿದೆ, ಅವತ್ತೊಂದು ದಿನ ಬೈಯಲಿಲ್ಲ.

ಸೋಮವಾರ ಅವಳು ತಿದ್ದಿದ ಹಾಳೆಯನ್ನು ತಾನೇ ಓದಿದಳಂತೆ. ಟೀಚರ್ ಚಪ್ಪಾಳೆ ವಾಪಸ್ ಕೇಳಿಲ್ಲ, ಅದು ಅವರ ದೊಡ್ಡತನ. ಮುಂದಿನ ವಾರಕ್ಕೆ ಬಾಟ್ಲಿಯಲ್ಲಿ ಹಿಡಿಸದ ಒಂದು ಜೀವಿಯನ್ನು ನೋಡಿ ಬರೆಯಬೇಕು ಅಂದರಂತೆ. ಮಕ್ಕಳು ಹಸು, ನಾಯಿ, ಹಲಸಿನ ಮರ ಅಂತ ಬರೆಸಿಕೊಂಡಿದ್ದಾರೆ. ನಮ್ಮವಳು ‘ಅಪ್ಪ’ ಅಂತ ಬರೆಸಿ ಬಂದಿದ್ದಾಳೆ. ‘ಈ ಸಲ ಕೇಳಿ ಬರಿಯಲ್ಲ, ನೋಡೇ ಬರೀತೀನಿ’ ಅಂತ ತಾಯಿಯ ಹತ್ತಿರ ಹೇಳಿದ್ದನ್ನು ನಾನು ಬಚ್ಚಲಿನಿಂದ ಕೇಳಿಸಿಕೊಂಡೆ.

ಆವತ್ತಿಂದ ನಾನು ಮನೆಗೆ ಬಂದರೆ ಬಾಗಿಲಲ್ಲಿ ಒಂದು ಜೊತೆ ಕಣ್ಣು, ಒಂದು ಪೆನ್ಸಿಲ್. ಮೂರು ದಿನ ಕಾಲು ಎರಡೆರಡು ಸಲ ತೊಳೆದೆ. ಊಟದಲ್ಲಿ ಉಪ್ಪು ಕಡಿಮೆಯಿದ್ದರೂ ಮಾತಾಡಲಿಲ್ಲ. ಸುಮಿತ್ರಳಂತೂ ಈ ಪಾಠ ವರ್ಷವಿಡೀ ನಡೆಯಲಿ ಅಂತ ಹರಸುತ್ತಿದ್ದಾಳೆ. ನಿನ್ನೆ ಧನ್ಯ ಶಾಲೆಗೆ ಹೋದ ಮೇಲೆ ಪುಸ್ತಕ ತೆಗೆದು ನೋಡಿದೆ. ಕದ್ದು ನೋಡಿದೆ ಅಂತಲೇ ಹೇಳಿಬಿಡುತ್ತೇನೆ.

‘ಸಂಜೆ ಆರು ಗಂಟೆಗೆ ಬರುತ್ತದೆ. ಬಂದು ಸ್ವಲ್ಪ ಹೊತ್ತು ಗೋಡೆ ನೋಡುತ್ತದೆ. ಟೀ ಕೊಟ್ಟರೆ ಚಲಿಸುತ್ತದೆ. ಇವತ್ತು ಎಷ್ಟು ಇಂಬಳ ಕೊಂದೆ ಎಂದು ಕೇಳಿದೆ. ನಾಲ್ಕು, ಎಲ್ಲವನ್ನೂ ಬಗ್ಗಿ ನೋಡಿದೆ ಎಂದಿತು. ನಾನು ನೋಡಿಲ್ಲವಾದ್ದರಿಂದ ಶೇಖರಣ್ಣನನ್ನು ಕೇಳಿದೆ. ಹೌದಂತೆ, ಬಗ್ಗಿ ನೋಡುತ್ತ ಕೂತು ಕೆಲಸ ಅರ್ಧವೂ ಆಗಿಲ್ಲವಂತೆ. ಆದ್ದರಿಂದ ಈ ಜೀವಿ ಈಗ ನಿಜ ಹೇಳುತ್ತದೆ. ನಾನು ನೋಡುತ್ತಿದ್ದೇನೆ ಎಂದು ಗೊತ್ತಾದರೆ ಮಾತ್ರ ಹೊಟ್ಟೆ ಒಳಗೆ ಎಳೆದುಕೊಳ್ಳುತ್ತದೆ. ಆಗ ಎರಡು ಗೆರೆ ಕಡಿಮೆ ಬರುತ್ತದೆ.’